ಮುನ್ನೂರ ಹನ್ನೊಂದನೆಯ ಪುಟ

ನಾಲ್ಕನೆಯ ಕಾರ್ಬನ್ ಪ್ರತಿ ಅದು.
ಮೊದಲನೆಯದು ಯಾರೋ ಪ್ರೊಫೆಸರರ ಪಾಲು,
ಎರಡು, ಮೂರು ಎಲ್ಲಿ ಹೋದವೋ.
ನನಗೆ ಸಿಕ್ಕಿದ್ದು ಇರುವೆ ನಡೆದುಹೋದಂಥ ಅಕ್ಷರ.
ಒಲೆಯ ಬೆಳಕಿಗೆ ಓರೆಯಾಗಿ ಹಿಡಿದರೆ
ಒಂದೊಂದೇ ಸಾಲು ಎದ್ದು ಕೂರುತ್ತಿತ್ತು.

ಕೌನಸ್ ಊರು. ಎಪ್ಪತ್ತೈದರ ನವೆಂಬರ್.
ಮೇಲ್ಮಹಡಿಯ ಸ್ಕೈಸ್ತೆ ಟೈಪ್‌ರೈಟರಿನ ಕೆಳಗೆ
ಕಂಬಳಿ ಮಡಚಿ ಹಾಸಿ ರಾತ್ರಿಯೆಲ್ಲ ಕುಟ್ಟಿದ್ದಳು.
ಡ್ರ್ಯಾಗನ್ ಕಥೆ ಎಂದರೆ ನಗಬೇಡಿ,
ಆ ಕಾಲಕ್ಕೆ ಡ್ರ್ಯಾಗನ್ನಿಗೂ ಪರವಾನಗಿ ಬೇಕಿತ್ತು.

ಕಥೆಯಲ್ಲೊಂದು ಬೂದಿಯ ಹೊಳೆ, ಒಬ್ಬ ಅಂಬಿಗ.
ಅವನಿಗೆ ಕತ್ತಿಯಿಲ್ಲ, ವರವಿಲ್ಲ,
ನೂರು ಪುಟದ ತನಕ ಹೆಸರೂ ಇಲ್ಲ.
ಪ್ರತಿ ರಾತ್ರಿ ಹೊಳೆ ಅವನ ಹಗ್ಗ ತಿನ್ನುತ್ತದೆ,
ಪ್ರತಿ ಬೆಳಗ್ಗೆ ಅವನು ಹಗ್ಗ ಹೊಸೆಯುತ್ತಾನೆ.
ರಾಜರು ಬರುತ್ತಾರೆ, ಸಾಯುತ್ತಾರೆ,
ಆಕಾಶ ಎರಡು ಸಲ ಹರಿದು ಹೊಲಿಗೆ ಬೀಳುತ್ತದೆ,
ಅವನು ಹಗ್ಗ ಹೊಸೆಯುತ್ತಾನೆ.

ನಾನು ಓಡಿಸುತ್ತಿದ್ದದ್ದು ಏಳನೇ ನಂಬರಿನ ಟ್ರಾಲಿಬಸ್ಸು.
ಮಂಜುಗಟ್ಟಿದ ತಂತಿಯಿಂದ
ನೆತ್ತಿಯ ಕೋಲೆರಡೂ ಜಾರಿದರೆ
ಬಸ್ಸು ಸದ್ದಿಲ್ಲದೆ ಸಾಯುತ್ತದೆ. ಒಳಗೆ ಕತ್ತಲು,
ಯಾರದೋ ಗೊಣಗಾಟ.
ಕೈಗವಸು ತೊಟ್ಟು, ಹಿಂದಕ್ಕೆ ನಡೆದು, ಹಗ್ಗ ಹಿಡಿದು,
ಕಾಣದ ತಂತಿಗೆ ಕೋಲನ್ನು ಮತ್ತೆ ಕೂರಿಸಬೇಕು.
ಒಂದೇ ರಾತ್ರಿ ಹನ್ನೊಂದು ಸಲ ಕೂರಿಸಿದ್ದೇನೆ.
ಹನ್ನೊಂದನೆಯ ಸಲ ಅಳು ಬಂತು.
ಆಗ ಅಂಬಿಗ ನೆನಪಾದ.
ಧೈರ್ಯವೇನೂ ಬರಲಿಲ್ಲ,
ಜೊತೆ ಬಂತು.

ತಮ್ಮ ವೀತೆನಿಸ್‌ಗೆ ಎದೆಯ ರೋಗ.
ಪೈನ್ ಮರಗಳ ನಡುವೆ ಸ್ಯಾನಟೋರಿಯಂ,
ಭಾನುವಾರ ಎರಡು ಗಂಟೆಯ ಭೇಟಿ.
ಕೋಟಿನೊಳಗೆ ಹಾಳೆ ಅಡಗಿಸಿ ಒಯ್ದು ಓದುತ್ತಿದ್ದೆ.
ಪಕ್ಕದ ಮಂಚದ ಮುದುಕ ನಿದ್ದೆ ನಟಿಸಿ ಕೇಳುತ್ತಿದ್ದ,
ನರ್ಸ್ ಬರುವ ಸದ್ದಾದರೆ ಅವನೇ ಮೊದಲು ಕೆಮ್ಮುತ್ತಿದ್ದ.

ಪುಟ ಮುನ್ನೂರ ಹನ್ನೊಂದು:
ಅಂಬಿಗನ ಮಗಳು ಬೆಟ್ಟದ ತುದಿಯ ಬಾಗಿಲು ತೆರೆದಾಗ ಅಲ್ಲಿ

ಅಷ್ಟೇ. ಕಾಗದ ಮುಗಿದಿತ್ತೋ,
ಸ್ಕೈಸ್ತೆಯ ಬಾಗಿಲನ್ನೇ ಯಾರಾದರೂ ತಟ್ಟಿದ್ದರೋ.
ಕೇಳುವ ಕಾಲವಲ್ಲ ಅದು.

"ಆಮೇಲೆ?" ಅಂದ ವೀತೆನಿಸ್.
ಹಾಳೆಯ ಬರಿದಾದ ಅರ್ಧ ನೋಡುತ್ತಾ ಓದಿದೆ:
ಅಲ್ಲಿ ಒಂದು ಕುದುರೆ ನಿಂತಿತ್ತು.
ಮೊದಲ ಅಧ್ಯಾಯದಲ್ಲಿ ಹೊಳೆ ಪಾಲಾದ ಕುದುರೆ.
ಬೆನ್ನು ಇನ್ನೂ ಒದ್ದೆ.
ಮುದುಕ ಕಣ್ಣು ತೆರೆದು ನನ್ನನ್ನೇ ನೋಡಿದ.
ಕಿಟಕಿಯ ಬೆಳಕಿಗೆ ಹಾಳೆಯ ಖಾಲಿ ಕಂಡಿರಬೇಕು.
ಏನೂ ಹೇಳದೆ ಮತ್ತೆ ಕಣ್ಣು ಮುಚ್ಚಿದ.

ಇಲ್ಲದ ಪುಟಗಳನ್ನು ಮೂರು ಭಾನುವಾರ ಓದಿದೆ.
ನಾಲ್ಕನೆಯ ಭಾನುವಾರ
ಮಂಚದ ಮೇಲೆ ಹಾಸಿಗೆ ಸುತ್ತಿಟ್ಟಿದ್ದರು.

ಹದಿನೇಳು ವರ್ಷದ ಮೇಲೆ, ಧ್ವಜ ಬದಲಾದ ಮೇಲೆ,
ಅಂಗಡಿಯ ಗಾಜಿನೊಳಗೆ ಅದೇ ಪುಸ್ತಕ.
ಬಣ್ಣದ ರಟ್ಟಿನಲ್ಲಿ ಕತ್ತಿ ಹಿಡಿದ ಅಂಬಿಗ!
ಬರೆದವನು ಓದಿರಲಿಲ್ಲ, ಪಾಪ.
ಅರ್ಧ ಸಂಬಳ ಎಣಿಸಿ ಕೊಟ್ಟು
ಡಿಪೋದ ಬೆಂಚಿನ ಮೇಲೆ ಕೊನೆಯಿಂದ ತೆರೆದೆ.
ಬಾಗಿಲಾಚೆ ಏನೂ ಇರಲಿಲ್ಲ.
ಬರೀ ಗಾಳಿ. ಅವಳು ಅದರೊಳಗೆ ನಡೆದಳು.

ಒಂದು ವಾರ ಸಿಟ್ಟು, ಬೇಲಿ ಸರಿಸಿದ
ನೆರೆಯವನ ಮೇಲೆ ಬರುವಂಥ ಸಿಟ್ಟು.
ಆಮೇಲೆ ಅನ್ನಿಸಿತು: ಅವನು ಹೇಳಿದ್ದೂ ನಿಜವೇ,
ಸುತ್ತಿಟ್ಟ ಹಾಸಿಗೆ ಕಂಡವಳು ನಾನೂ.
ಆದರೆ ಸಾಯುವ ಹುಡುಗನ ಮುಂದೆ
ನಿಜ ಒಂದೇ ಇರಬೇಕೆಂದು ಯಾರು ಹೇಳಿದರು?

ಈಗ ಎಪ್ಪತ್ಮೂರು ನನಗೆ.
ಪ್ರತಿ ನವೆಂಬರ್ ಭೂತಗನ್ನಡಿ ಹಿಡಿದು ಓದುತ್ತೇನೆ,
ಅಚ್ಚಿನದನ್ನಲ್ಲ, ಇರುವೆಯದನ್ನು.
"ಬಾಯಿಪಾಠ ಆಗಿರಬೇಕಲ್ಲಮ್ಮ" ಎಂದು ಮಗಳು ನಗುತ್ತಾಳೆ.
ಆಗಿದೆ.

ಕುದುರೆಯ ಬಣ್ಣ ಯಾವುದು ಎಂದು ಅವನು ಕೇಳಿದ್ದ.
ಏನೋ ಹೇಳಿದ್ದೆ. ನಕ್ಕಿದ್ದ.
ಏನು ಹೇಳಿದ್ದೆನೋ ಮರೆತಿದೆ.
ಮೊದಲ ಪುಟದಿಂದ ಅದೇ ದನಿಯಲ್ಲಿ,
ಕೆಮ್ಮಿಗೆ ನಿಲ್ಲುತ್ತಿದ್ದಲ್ಲೆಲ್ಲ ನಿಂತು ಓದುತ್ತಾ ಬಂದರೆ
ಮುನ್ನೂರ ಹನ್ನೊಂದರ ಹೊತ್ತಿಗೆ
ತಾನಾಗಿ ಬಾಯಿಗೆ ಬಂದೀತು ಎಂದು.

ಕಂದು ಅಲ್ಲ.
ಅದಷ್ಟು ಖಾತ್ರಿ.